ಹದಿನೆಂಟಡಿ ದೋಣಿಯಲ್ಲಿ ಕಡಲ ಸಂಸಾರ

ಕಳೆದ ಬೇಸಗೆಯ ರಜೆಯಲ್ಲಿ ಹೊನ್ನಾವರದ ಬಳಿ ಶರಾವತಿ ಹೊಳೆಯಲ್ಲಿ ಮುದಿ ಅಂಬಿಗರೊಬ್ಬರಿಂದ ಹುಟ್ಟನ್ನು ಇಸಿದುಕೊಂಡು ನಾನೂ ದೋಣಿ ನಡೆಸಿದೆ. ಅರ್ಧ ಗಂಟೆಯೊಳಗೆ ಅಂಗೈಯಲ್ಲಿ ಬೊಬ್ಬೆಗಳೆದ್ದವು. ಅವರು ನಕ್ಕು, “ತಮಾ, ರಟ್ಟೆಯ ಬಲ ನಂಬಿದವ ನಡುಹೊಳೆಯಲ್ಲೇ ಉಳೀತಾನೆ. ಒಂದೇ ಹದದಲ್ಲಿ ಹಾಕ್ತಾ ಹೋಗು” ಎಂದರು. ಪರೀಕ್ಷೆಯಲ್ಲಿ ಒಂದು ವಿಷಯ ಉಳಿದು, ಕಾಲೇಜನ್ನೇ ಬಿಡುವ ಯೋಚನೆಯಲ್ಲಿದ್ದ ನನಗೆ ಆ ಮಾತು ನಾಟಿತು. ಹೊಳೆಯೇ ಹೀಗಾದರೆ ಸಾಗರವನ್ನು ಹುಟ್ಟು ಹಾಕಿ ದಾಟಿದವರು ಹೇಗೆ ಬದುಕಿದರು ಎಂಬ ಕುತೂಹಲ ಹುಟ್ಟಿದ್ದೂ ಅಂದೇ. ಓದಿ ತಿಳಿದುದನ್ನು ವಾಚಕ ಮಿತ್ರರ ಮುಂದಿಡುತ್ತಿದ್ದೇನೆ.

ಅಟ್ಲಾಂಟಿಕ್ ಸಾಗರವನ್ನು ಹೀಗೆ ದಾಟಿದವರಲ್ಲಿ ಮೊದಲಿಗರೆಂದು ಹೆಸರಾದವರು ಜಾರ್ಜ್ ಹಾರ್ಬೊ ಮತ್ತು ಫ್ರಾಂಕ್ ಸ್ಯಾಮ್ಯುಯೆಲ್‌ಸೆನ್. ನಾರ್ವೆಯಿಂದ ಅಮೆರಿಕಕ್ಕೆ ಹೋಗಿ, ಕಡಲಂಚಿನಲ್ಲಿ ಚಿಪ್ಪು ಆಯ್ದು ಹೊಟ್ಟೆ ಹೊರೆಯುತ್ತಿದ್ದ ಬಡವರು. 1896ರ ಜೂನ್ 6ರಂದು ನ್ಯೂಯಾರ್ಕಿನಿಂದ ಹೊರಟು, ಆಗಸ್ಟ್ 1ರಂದು ಇಂಗ್ಲೆಂಡಿನ ಸಿಲಿ ದ್ವೀಪಗಳನ್ನು ಮುಟ್ಟಿದರು. 3,000 ಮೈಲಿಗೂ ಮೀರಿದ ದಾರಿ, 55 ದಿನ. ‘ಫಾಕ್ಸ್’ ಎಂಬ ಅವರ ದೋಣಿಯ ಉದ್ದ ಸುಮಾರು 18 ಅಡಿ, ಅಗಲ 5 ಅಡಿ. ಹಾಯಿಯಿಲ್ಲ, ಯಂತ್ರವಿಲ್ಲ. ಪೂರ್ವಕ್ಕೆ ಹರಿಯುವ ಗಲ್ಫ್ ಪ್ರವಾಹ ಮತ್ತು ಪಡುವಣ ಗಾಳಿಗಳದೇ ನೆರವು.

ಇಂಥ ದೋಣಿಯಲ್ಲಿ ಅಡುಗೆಮನೆ, ಮಲಗುವ ಕೋಣೆ, ಉಗ್ರಾಣ ಎಲ್ಲವೂ ಒಂದೇ. ಹಗಲಿನಲ್ಲಿ ಇಬ್ಬರೂ ಹುಟ್ಟು ಹಾಕುವರು. ರಾತ್ರಿ ಸರದಿ: ಒಬ್ಬ ಎಳೆಯುತ್ತಿರುವಾಗ ಇನ್ನೊಬ್ಬನಿಗೆ ಮೂರು ಗಂಟೆ ಚಿಲ್ಲರೆಯ ನಿದ್ದೆ. ಅದೂ ಒದ್ದೆ ಹಲಗೆಯ ಮೇಲೆ. ಗಾಳಿಯ ಹೊಡೆತಕ್ಕೆ ಒಲೆ ನಿಲ್ಲುವುದು ಕಷ್ಟ. ಕಟ್ಟಿಕೊಂಡಿದ್ದ ಬುತ್ತಿಯಲ್ಲಿ ಗಟ್ಟಿ ಬಿಸ್ಕತ್ತು, ಡಬ್ಬಿಯ ಮಾಂಸ, ಮೊಟ್ಟೆ, ಕಾಫಿಪುಡಿ ಇದ್ದವು.

ಎಲ್ಲಕ್ಕಿಂತ ದೊಡ್ಡ ಲೆಕ್ಕ ಕುಡಿಯುವ ನೀರಿನದು. ಸಮುದ್ರದ ಒಂದು ಲೀಟರು ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನಮ್ಮ ಮೂತ್ರಪಿಂಡಗಳು ಅಷ್ಟು ಉಪ್ಪನ್ನು ಹೊರಹಾಕಬೇಕಾದರೆ ಕುಡಿದುದಕ್ಕಿಂತ ಹೆಚ್ಚು ನೀರನ್ನು ಖರ್ಚು ಮಾಡಬೇಕು. ಆದ್ದರಿಂದ ಕುಡಿದಷ್ಟೂ ದಾಹವೇ! ಅವರು ಒಯ್ದದ್ದು 60 ಗ್ಯಾಲನ್ ನೀರು. ಇಬ್ಬರಿಗೆ 55 ದಿನಕ್ಕೆ ಹಂಚಿದರೆ ತಲೆಗೆ ದಿನಕ್ಕೆ ಎರಡು ಲೀಟರು. ಬೆವರಿಳಿಸಿ ದುಡಿಯುವವನಿಗೆ ಇದು ಬಿಗಿಯಾದ ಅಳತೆ.

ಇನ್ನು ದೇಹದ ಪಾಡು. ಸದಾ ಉಪ್ಪುನೀರಿನಲ್ಲಿ ನೆನೆದ ಬಟ್ಟೆ ಚರ್ಮವನ್ನು ಉಜ್ಜಿ ಹುಣ್ಣು ಮಾಡುತ್ತದೆ. ಕೂತೇ ಇರುವುದರಿಂದ ಆ ಹುಣ್ಣು ಮಾಯುವುದೂ ಇಲ್ಲ.

ಜುಲೈ ತಿಂಗಳಲ್ಲಿ ಒಂದು ಹೆದ್ದೆರೆ ದೋಣಿಯನ್ನು ಮಗುಚಿತು. ಸೊಂಟಕ್ಕೆ ಹಗ್ಗ ಬಿಗಿದುಕೊಂಡಿದ್ದರಿಂದ ಇಬ್ಬರೂ ಉಳಿದರು. ದೋಣಿಯ ತಳದಲ್ಲಿ ಹಿಡಿಗಳನ್ನು ಮೊದಲೇ ಮಾಡಿಸಿಟ್ಟಿದ್ದರು. ಅವನ್ನು ಹಿಡಿದೆಳೆದು ದೋಣಿಯನ್ನು ನೆಟ್ಟಗೆ ಮಾಡಿ, ನೀರು ತೋಡಿದರು. ಆದರೆ ಆಹಾರದ ಬಹುಪಾಲು ಕಡಲ ಪಾಲಾಗಿತ್ತು. ಅದಕ್ಕೂ ಮುಂಚೆ ‘ಫ್ಯೂರ್ಸ್ಟ್ ಬಿಸ್ಮಾರ್ಕ್’ ಎಂಬ ಜರ್ಮನ್ ಹಡಗು ಎದುರಾದಾಗ ‘ಹತ್ತಿಕೊಳ್ಳಿ’ ಎಂಬ ಕರೆಯನ್ನು ಅವರು ಒಪ್ಪಿರಲಿಲ್ಲ. ಈಗ ‘ಸೀಟೊ’ ಎಂಬ ನಾರ್ವೆಯ ಹಡಗು ಕೊಟ್ಟ ಅನ್ನ ನೀರುಗಳನ್ನು ಸಂಕೋಚವಿಲ್ಲದೆ ಪಡೆದು, ಮತ್ತೆ ತಮ್ಮ ದೋಣಿಗೇ ಇಳಿದರು. ನನಗೆ ಇದೇ ಈ ಕಥೆಯ ತಿರುಳೆಂದು ತೋರುತ್ತದೆ. ನೆರವು ಪಡೆಯುವುದು ಬೇರೆ, ಹುಟ್ಟನ್ನು ಕೈಬಿಡುವುದು ಬೇರೆ.

ಈಗಿನ ದೋಣಿಗಳಲ್ಲಿ ಅನುಕೂಲಗಳು ಹೆಚ್ಚಿವೆ. ಬಿಸಿಲಿನಿಂದ ವಿದ್ಯುತ್ತು ಪಡೆದು ಕಡಲ ನೀರನ್ನು ಸಿಹಿ ಮಾಡುವ ಯಂತ್ರವುಂಟು. ಬಿಸಿನೀರು ಬೆರೆಸಿದರೆ ಸಿದ್ಧವಾಗುವ ಒಣ ಆಹಾರವುಂಟು. ಬಿರುಗಾಳಿಯಲ್ಲಿ ಮುದುಡಿ ಮಲಗಲು ಪುಟ್ಟ ಗೂಡುಂಟು. ಆದರೂ ಶೌಚಕ್ಕೆ ಬಕೆಟ್ಟೇ ಗತಿ. ತಳಕ್ಕೆ ಅಂಟುವ ಚಿಪ್ಪುಜೀವಿಗಳು ದೋಣಿಯ ವೇಗ ಕುಂದಿಸುವುದರಿಂದ ಆಗಾಗ ನಡುಗಡಲಲ್ಲೇ ನೀರಿಗಿಳಿದು ಕೆರೆಯಬೇಕು. ನಮ್ಮ ಕವಿ ಜಿ. ಎಸ್. ಶಿವರುದ್ರಪ್ಪನವರ ಮೊಮ್ಮಗಳು, ಬೆಂಗಳೂರು ಮೂಲದ ಅನನ್ಯಾ ಪ್ರಸಾದ್, 2024ರ ಡಿಸೆಂಬರಿನಲ್ಲಿ ಕನೇರಿ ದ್ವೀಪಗಳಿಂದ ಒಬ್ಬರೇ ಹೊರಟು, 52 ದಿನಗಳಲ್ಲಿ ಆಂಟಿಗುವಾ ತಲುಪಿದರು. ನಡುವೆ ಚುಕ್ಕಾಣಿ ಮುರಿದಾಗ ಸರಿಪಡಿಸಲು ಅವರಿಗೆ ಇದ್ದದ್ದು ತಮ್ಮದೇ ಎರಡು ಕೈ. ಸರದಿ ವಹಿಸಿಕೊಳ್ಳಲು ಜೊತೆಗಾರರಿಲ್ಲದ ರಾತ್ರಿಗಳನ್ನು ನಾವೇ ಊಹಿಸಿಕೊಳ್ಳಬೇಕು.

ಇದನ್ನೆಲ್ಲ ಓದಿದ ಮೇಲೆ ಸಾಗರ ದಾಟುವುದು ಶೌರ್ಯಕ್ಕಿಂತ ಹೆಚ್ಚಾಗಿ ದಿನಚರಿಯ ಕೆಲಸವೆಂದು ನನಗನ್ನಿಸಿದೆ. ನೀರಿನ ಅಳತೆ ತಪ್ಪಬಾರದು, ಸರದಿ ತಪ್ಪಬಾರದು, ಹುಣ್ಣನ್ನು ತೊಳೆಯಲು ಮರೆಯಬಾರದು. ಇನ್ನೊಂದು ವಿಶೇಷವುಂಟು. ಇಂಥ ದೋಣಿಯಲ್ಲಿ ಜೋಡಿ ಹುಟ್ಟು ಎಳೆಯುವವನು ಮುಂದಿನ ದಾರಿಗೆ ಬೆನ್ನು ಮಾಡಿ ಕೂತಿರುತ್ತಾನೆ. ಅವನಿಗೆ ಕಾಣುವುದು ದಾಟಿ ಬಂದ ನೀರು ಮಾತ್ರ, ದಡವಲ್ಲ.

ಉಳಿದ ವಿಷಯಕ್ಕೆ ನಾನು ಮತ್ತೆ ಕುಳಿತಿದ್ದೇನೆ. ಬೆಳಿಗ್ಗೆ ಎರಡು ಗಂಟೆ, ರಾತ್ರಿ ಎರಡು ಗಂಟೆ ಓದು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಈ ಲೇಖನ ಅಚ್ಚಾಗುವ ಹೊತ್ತಿಗೆ ಫಲಿತಾಂಶ ಬಂದಿರಲೂಬಹುದು. ಅಂಗೈಯ ಬೊಬ್ಬೆಗಳಂತೂ ಮಾಗಿವೆ.