ಹಲವು ಕಣ್ಣಿಗೆ ಒಂದೇ ಹೊತ್ತಗೆ

ಗಮಕಿಗಳು ವ್ಯಾಸಪೀಠದ ಮೇಲೆ ಗದುಗಿನ ಭಾರತವನ್ನು ಬಿಡಿಸಿಟ್ಟು ವಾಚಿಸುವಾಗ ಓದುವವರು ಒಬ್ಬರು, ಕೇಳುವವರು ನೂರು ಮಂದಿ. ಗ್ರಂಥದ ಮೇಲೆ ಬೀಳುವುದು ಒಂದು ಜೊತೆ ಕಣ್ಣು ಮಾತ್ರ; ಆದುದರಿಂದ ಅದು ಎಷ್ಟು ಚಿಕ್ಕದಿದ್ದರೂ ನಡೆಯುತ್ತದೆ. ನಾನು ಇಂದು ಹೇಳಹೊರಟಿರುವ ಪುಸ್ತಕಗಳ ಪರಿ ಬೇರೆ. ಅಲ್ಲಿ ಇಪ್ಪತ್ತು ಮೂವತ್ತು ಜನ ನಿಂತು, ಒಂದೇ ಪುಟವನ್ನು ನೋಡುತ್ತ, ಒಂದೇ ದನಿಯಲ್ಲಿ ಹಾಡುತ್ತಿದ್ದರು. ಕೇಳುವುದಕ್ಕೆ, ದೇವರನ್ನು ಬಿಟ್ಟರೆ, ಅನೇಕ ವೇಳೆ ಯಾರೂ ಇರುತ್ತಿರಲಿಲ್ಲ. ಯೂರೋಪಿನ ಕ್ಯಾಥೊಲಿಕ್ ಮಠಗಳಲ್ಲಿ ಬಳಕೆಯಲ್ಲಿದ್ದ, ಕೈಯಿಂದ ಬರೆದ ಲ್ಯಾಟಿನ್ ಗಾಯನಗ್ರಂಥಗಳು ಅವು.

ಅಂಜನಾಪುರದ ನಿವಾಸಿಯಾದ ನನಗೆ ಈ ವಿಷಯ ತೀರ ದೂರದ್ದೆನಿಸುವುದಿಲ್ಲ. ನಮ್ಮ ಪಡುವಲಿಗೆ, ಕೆಂಗೇರಿಯ ಬಳಿ, ಆಶೀರ್ವನಂ ಎಂಬ ಬೆನೆಡಿಕ್ಟಿನ್ ಮಠವಿದೆ. ಆ ಪರಂಪರೆಯ ಮೂಲಪುರುಷನಾದ ಸಂತ ಬೆನೆಡಿಕ್ಟ್ ಆರನೆಯ ಶತಮಾನದಲ್ಲಿ ಇಟಲಿಯಲ್ಲಿ ರಚಿಸಿದ ನಿಯಮಾವಳಿಯು, ಸಂನ್ಯಾಸಿಗಳು ಹಗಲು ಏಳು ಬಾರಿ, ಇರುಳು ಒಂದು ಬಾರಿ ಪ್ರಾರ್ಥನೆಗೆ ಸೇರಬೇಕೆಂದೂ ಬೈಬಲಿನ 150 ಕೀರ್ತನೆಗಳನ್ನು ವಾರಕ್ಕೊಮ್ಮೆ ಪೂರ್ತಿ ಹಾಡಬೇಕೆಂದೂ ವಿಧಿಸಿತು. ಇವುಗಳ ಜೊತೆಗೆ ಹಬ್ಬಹಬ್ಬಕ್ಕೆ ಬದಲಾಗುವ ನೂರಾರು ಹಾಡುಗಳು. ಬಹುಕಾಲ ಇವುಗಳ ಧಾಟಿಯನ್ನೆಲ್ಲ, ನಮ್ಮ ವೇದಪಾಠದಂತೆ, ಗುರುಮುಖದಿಂದಲೇ ಕಲಿಯಬೇಕಾಗಿತ್ತು.

ಹನ್ನೊಂದನೆಯ ಶತಮಾನದ ಮೊದಲ ಭಾಗದಲ್ಲಿ ಅರೆಜ್ಜೊ ಊರಿನ ಗ್ವಿದೊ ಎಂಬ ಸಂನ್ಯಾಸಿ ಗೆರೆಗಳ ಮೇಲೂ ಗೆರೆಗಳ ನಡುವೆಯೂ ಸ್ವರಗಳನ್ನು ಕೂರಿಸುವ ಕ್ರಮವನ್ನು ಬಳಕೆಗೆ ತಂದನು. ಹತ್ತು ವರ್ಷದಲ್ಲಿಯೂ ಕೈಗೂಡದ ಗಾಯನವಿದ್ಯೆ ಇದರಿಂದ ಒಂದೆರಡು ವರ್ಷಗಳಲ್ಲಿ ಸಾಧ್ಯವೆಂದು ಅವನೇ ಹೇಳಿಕೊಂಡಿದ್ದಾನೆ. ಉತ್, ರೆ, ಮಿ, ಫ, ಸೊಲ್, ಲ ಎಂಬ ಸ್ವರನಾಮಗಳೂ ಅವನವೇ. ನಮ್ಮ ಸರಿಗಮಕ್ಕೂ ಇವುಗಳಿಗೂ ನಂಟು ಹುಡುಕುವ ಉತ್ಸಾಹ ನನಗಿಲ್ಲ. ಸಂತ ಯೋಹಾನನನ್ನು ಕುರಿತ ಒಂದು ಲ್ಯಾಟಿನ್ ಸ್ತೋತ್ರದ ಪಾದಗಳ ಮೊದಲಕ್ಷರಗಳಿವು.

ಸ್ವರ ಕಣ್ಣಿಗೆ ಕಾಣುವಂತಾದ ಮೇಲೆ ಪುಸ್ತಕ ದೊಡ್ಡದಾಗತೊಡಗಿತು. ಅಕ್ಷರ ಎಷ್ಟೆತ್ತರವಿರಬೇಕೆಂಬುದನ್ನು ನಿರ್ಧರಿಸಿದ್ದು ಹಿಂದಿನ ಸಾಲಿನ ವೃದ್ಧ ಸಂನ್ಯಾಸಿಯ ಕಣ್ಣು. ಸ್ಪೇನಿನ ದೊರೆ ಎರಡನೆಯ ಫಿಲಿಪ್ ಹದಿನಾರನೆಯ ಶತಮಾನದಲ್ಲಿ ಎಸ್ಕೊರಿಯಲ್ ಮಠಕ್ಕೆಂದು ಬರೆಯಿಸಿದ ಇನ್ನೂರಕ್ಕೂ ಹೆಚ್ಚು ಸಂಪುಟಗಳು ಒಬ್ಬನಿಂದ ಎತ್ತಲಾಗದಷ್ಟು ಭಾರದವು. ಅಚ್ಚಿನ ಯಂತ್ರ ಬಂದ ಮೇಲೂ ಹದಿನೆಂಟನೆಯ ಶತಮಾನದವರೆಗೆ ಇಂಥವನ್ನು ಕೈಯಲ್ಲೇ ಬರೆಯುತ್ತಿದ್ದರು. ಮಠಕ್ಕೊಂದು ಪ್ರತಿ ಸಾಕಾದಲ್ಲಿ ಅಚ್ಚಿಗೇನು ಕೆಲಸ?

ಮಾಡುವ ಬಗೆ ಕೇಳಿ. ಕರುವಿನ ಅಥವಾ ಕುರಿಯ ಚರ್ಮವನ್ನು ಸುಣ್ಣದ ನೀರಿನಲ್ಲಿ ದಿನಗಟ್ಟಲೆ ನೆನೆಸಿ, ಕೂದಲು ತೆಗೆದು, ಚೌಕಟ್ಟಿಗೆ ಬಿಗಿದು, ಬಾಗಿದ ಅಲಗಿನ ಕತ್ತಿಯಿಂದ ಹೆರೆದು ಒಣಗಿಸುವರು. ಬಹು ದೊಡ್ಡ ಗ್ರಂಥವಾದರೆ ಒಂದು ಚರ್ಮಕ್ಕೆ ಒಂದು ಜೋಡಿ ಹಾಳೆ. ಎಂದರೆ ಒಂದು ಸಂಪುಟಕ್ಕೆ ಒಂದು ಮಂದೆ. ಶಾಯಿಗೆ ಬೇಕಾದುದು ನಮ್ಮ ಗ್ರಂದಿಗೆ ಅಂಗಡಿಯಲ್ಲಿ ಸಿಗುವಂಥ ಮಾಚಿಕಾಯಿ, ಅನ್ನಭೇದಿ, ಗೋಂದು. ಹೆಬ್ಬಾತಿನ ಗರಿಯ ಲೇಖನಿ; ಸ್ವರದ ನಾಲ್ಕು ಗೆರೆಗಳಿಗೆ ಹೆಚ್ಚಾಗಿ ಕೆಂಪು ಬಣ್ಣ. ಹಾಡಿನ ಮೊದಲಕ್ಷರವನ್ನು ಚಿತ್ರಿಸುವಲ್ಲಿ ಉಬ್ಬಾಗಿ ಲೇಪ ಹಚ್ಚಿ, ಚಿನ್ನದ ರೇಕು ಕೂರಿಸಿ, ನಯವಾದ ಕಲ್ಲಿನಿಂದಲೋ ನಾಯಿಯ ಹಲ್ಲಿನಿಂದಲೋ ಉಜ್ಜಿ ಹೊಳಪೇರಿಸುತ್ತಿದ್ದರು. ಮೈಸೂರು ಶೈಲಿಯ ಚಿತ್ರಗಾರರ ಮಕ್ಕಿ ಸಫೇದದ ಕೆಲಸ ಕಂಡವರಿಗೆ ಇದು ಹೊಸತಲ್ಲ.

ಜರ್ಮನಿಯ ರುಲ್ಲೆ ಎಂಬಲ್ಲಿನ ಸಂನ್ಯಾಸಿನಿಯರ ಮಠಕ್ಕೆ ಸೇರಿದ್ದ ಒಂದು ಗ್ರಂಥವನ್ನು ಗಿಸೆಲಾ ಎಂಬ ಸಂನ್ಯಾಸಿನಿ ತಾನೇ ಬರೆದು, ಸ್ವರ ಹಾಕಿ, ಚಿನ್ನದಕ್ಷರಗಳಿಂದ ಅಲಂಕರಿಸಿದಳೆಂದು ಅದರೊಳಗಿನ ಬರಹ ತಿಳಿಸುತ್ತದೆ. ಕಾಲ 1300ರ ಸುಮಾರು. ನನಗೆ ನಮ್ಮ ಅತ್ತಿಮಬ್ಬೆಯ ನೆನಪಾಗುತ್ತದೆ. ಆಕೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಯಿಸಿ ಹಂಚಿದಳು. ಗ್ರಂಥ ಸಾವಿರ ಕಡೆಗೆ ಹೋಗಲಿ ಎಂಬುದು ಅವಳ ಹಂಬಲ. ಎಲ್ಲರೂ ಒಂದೇ ಗ್ರಂಥದ ಮುಂದೆ ಕೂಡಲಿ ಎಂಬುದು ಗಿಸೆಲಾಳ ಮಠದ ಕ್ರಮ.

ಈ ಕೂಟ ಚದುರಿದಾಗ ಗ್ರಂಥವೂ ಚದುರಿತು. ಫ್ರಾನ್ಸಿನ ಕ್ರಾಂತಿ, ನೆಪೋಲಿಯನ್ನನ ಆಳ್ವಿಕೆ, 1830ರ ದಶಕದ ಸ್ಪೇನಿನ ಕಾನೂನುಗಳು ಸಾಲುಸಾಲಾಗಿ ಮಠಗಳನ್ನು ಮುಚ್ಚಿಸಿದವು. ವ್ಯಾಪಾರಿಗಳು ಚಿತ್ರಾಕ್ಷರಗಳನ್ನು ಕತ್ತರಿಸಿ ಮಾರಿದರು. ವ್ಯಾಪಾರಿಗಳನ್ನೇ ದೂರಿ ಫಲವಿಲ್ಲ. ಯಾರ ಪುಸ್ತಕದಿಂದ ಗಾಂಧೀಜಿ ಸರ್ವೋದಯದ ಕಲ್ಪನೆಯನ್ನು ಪಡೆದರೋ ಆ ಜಾನ್ ರಸ್ಕಿನ್ನನೇ ಇಂಥ ಗ್ರಂಥಗಳಿಗೆ ಕತ್ತರಿ ಹಾಕಿದವನು. ಬೆಲ್ಜಿಯಮ್ಮಿನ ಬೊಪ್ರೆ ಮಠದ ಸಂನ್ಯಾಸಿನಿಯರು ಹಾಡುತ್ತಿದ್ದ, 1290ರ ಗ್ರಂಥ ಅವನ ಕೈಸೇರಿತ್ತು. ಅದರ ಹಾಳೆಗಳನ್ನು ಬಿಡಿಸಿ ಹಂಚಿದನು. ಉದ್ದೇಶ ಒಳ್ಳೆಯದೇ ಇದ್ದೀತು. ಚೆಲುವು ಹಲವರಿಗೆ ಸಿಗಲೆಂದು. ಆದರೆ ಹಾಳೆಯೊಂದು ಹೋದರೆ ಹಾಡು ನಡುವಿನಲ್ಲೇ ಕಡಿಯುತ್ತದೆ. ಚಿತ್ರವನ್ನು ಕಂಡ ಆ ದೊಡ್ಡ ರಸಿಕ ಹಾಡನ್ನು ಕಾಣಲಿಲ್ಲವೆಂದೇ ನನ್ನ ಎಣಿಕೆ. ಉಳಿದ ಸಂಪುಟಗಳು ಈಗ ಅಮೆರಿಕದ ಬಾಲ್ಟಿಮೋರಿನ ವಸ್ತುಸಂಗ್ರಹಾಲಯದಲ್ಲಿವೆ.

ಲ್ಯಾಟಿನ್ನಿನ ಏಕಾಧಿಪತ್ಯವೂ ಮುಗಿಯಿತು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರಿನಲ್ಲಿ ಗ್ರೆಗೋರಿಯನ್ ಗಾನಕ್ಕೆ ಅಗ್ರಸ್ಥಾನವನ್ನು ಕೊಟ್ಟೇ, ದೇಶಭಾಷೆಗಳಿಗೂ ಬಾಗಿಲು ತೆರೆಯಿತು. ಜನ ಒಳಗೆ ಬಂದದ್ದು ತೆರೆದ ಬಾಗಿಲಿನಿಂದ. ಅದಕ್ಕೂ ಮುಂಚೆಯೇ, 1955ರಲ್ಲಿ, ಇಂಗ್ಲೆಂಡಿನ ಬೆನೆಡಿಕ್ಟಿನ್ ಸಂನ್ಯಾಸಿ ಬೀಡ್ ಗ್ರಿಫಿತ್ಸ್ ಭಾರತಕ್ಕೆ ಬಂದು ಇದೇ ಕೆಂಗೇರಿಯಲ್ಲಿ ನೆಲೆಸಿದ್ದರು. 1958ರಲ್ಲಿ ಕೇರಳದ ಕುರಿಶುಮಲೆಗೆ ಹೋಗಿ ಸಿರಿಯಾಕ್ ಪದ್ಧತಿಯನ್ನು ಹಿಡಿದರು. 1968ರಲ್ಲಿ ತಮಿಳುನಾಡಿನ ಕಾವೇರಿ ದಡದ ಶಾಂತಿವನವನ್ನು ಸೇರಿದರು. ಅಲ್ಲಿಯ ಪ್ರಾರ್ಥನೆಯಲ್ಲಿ ಕೀರ್ತನೆಗಳ ಜೊತೆ ಗಾಯತ್ರಿಯೂ ಇದೆ. ಫ್ರಾನ್ಸಿನ ಸೊಲೆಮ್ ಮಠದಲ್ಲಿ ಲ್ಯಾಟಿನ್ ಗಾಯನ ಇಂದಿಗೂ ನಡೆಯುತ್ತದೆ. ಹಾಡುವವರ ಕೈಯಲ್ಲಿರುವುದು ಅಚ್ಚಿನ ಪುಸ್ತಕ.

ವಸ್ತುಸಂಗ್ರಹಾಲಯಗಳು ಗಾಜಿನ ಪೆಟ್ಟಿಗೆಯಲ್ಲಿ ಚಿನ್ನವಿರುವ ಪುಟವನ್ನೇ ತೆರೆದಿಡುತ್ತವೆ. ನೋಡುವ ಅವಕಾಶ ದೊರೆತವರು ಪುಟದ ಕೆಳಮೂಲೆಯ ಕಡೆಗೂ ಕಣ್ಣು ಹಾಯಿಸಬೇಕು. ಮಗುಚುವ ಬೆರಳುಗಳು ತಲೆಮಾರುಗಟ್ಟಲೆ ಸೋಕಿ ಅಲ್ಲಿ ಚರ್ಮ ಕಪ್ಪಾಗಿರುತ್ತದೆ.