ಟೆಸ್ಟರ್ ಉರಿಯಿತು, ಡಿಶ್‌ವಾಷರ್ ಏಳಲಿಲ್ಲ

ಗಣೇಶ ಚತುರ್ಥಿ ಹತ್ತಿರ ಬಂತೆಂದರೆ ಮುಂಬಯಿಯ ನಮ್ಮ ಅಡುಗೆಮನೆಗೆ ಪಾತ್ರೆ ತೊಳೆಯುವ ಬಾಯಿ ಬರುವುದಿಲ್ಲ. ಗಣಪತಿಗೆಂದು ಆಕೆ ಕೊಂಕಣದ ತನ್ನೂರಿಗೆ ಹೋಗುತ್ತಾಳೆ. ನಮಗೆ ಆರ್ಡರು ಹೆಚ್ಚುವುದೂ ಅದೇ ವಾರ. ಅದಕ್ಕೆಂದೇ ನಾವು ಮನೆಬಳಕೆಯ ಡಿಶ್‌ವಾಷರ್ ಒಂದನ್ನು ಇಟ್ಟುಕೊಂಡಿದ್ದೇವೆ. ದೊಡ್ಡ ತಪ್ಪಲೆ, ಕಡಾಯಿ ಅದರಲ್ಲಿ ಹಿಡಿಸುವುದಿಲ್ಲ; ಲೋಟ, ಬಟ್ಟಲು, ಚಮಚಗಳ ಕೆಲಸ ಮಾತ್ರ ಹಗುರವಾಗುತ್ತದೆ.

ಒಂದು ವರ್ಷ ಹಬ್ಬದ ಹಿಂದಿನ ರಾತ್ರಿ ಅರವತ್ತು ಜನರ ಊಟದ ಸಾಮಾನು ತುಂಬಿ ಬಟನ್ ಒತ್ತಿದೆವು. ದೀಪವೂ ಇಲ್ಲ, ಸದ್ದೂ ಇಲ್ಲ. ಮೆಕ್ಯಾನಿಕ್‌ಗೆ ಫೋನ್ ಮಾಡಿದೆವು. "ಕರೆಂಟ್ ಇದೆಯಾ ನೋಡಿ" ಎಂದರು. ಸಾಕೆಟ್ಟಿಗೆ ಟೆಸ್ಟರ್ ಇಟ್ಟರೆ ಉರಿಯಿತು. "ಹಾಗಾದರೆ ಬೋರ್ಡ್ ಹೋಗಿದೆ. ಏಳೆಂಟು ಸಾವಿರ ಆಗುತ್ತದೆ, ಹಬ್ಬ ಮುಗಿದ ಮೇಲೆ ಬರುತ್ತೇನೆ" ಎಂದರು. ಆ ರಾತ್ರಿ ಎರಡು ಗಂಟೆಯವರೆಗೆ ಮನೆಮಂದಿಯೆಲ್ಲ ಕೈಯಲ್ಲೇ ತೊಳೆದೆವು.

ಬೆಳಿಗ್ಗೆ ನಮ್ಮ ಕಟ್ಟಡದ ಎಲೆಕ್ಟ್ರಿಷಿಯನ್ ಬಂದರು. ಅವರು ಟೆಸ್ಟರ್ ತೆಗೆಯಲೇ ಇಲ್ಲ. ಹೋಲ್ಡರಿನಲ್ಲಿ ಬಲ್ಬು ಹಾಕಿ ಎರಡು ವಯರುಗಳನ್ನು ಸಾಕೆಟ್ಟಿಗೆ ಕೊಟ್ಟರು. ಬಲ್ಬು ಉರಿಯಲಿಲ್ಲ! ಮೇನ್ ಆಫ್ ಮಾಡಿ ಸಾಕೆಟ್ ಬಿಚ್ಚಿದಾಗ ಕಾರಣ ಕಂಡಿತು. ನ್ಯೂಟ್ರಲ್ ವಯರಿನ ಸ್ಕ್ರೂ ಸಡಿಲವಾಗಿ, ವಯರಿನ ತುದಿ ಸುಟ್ಟು ಕಪ್ಪಾಗಿ ಕಳಚಿಕೊಂಡಿತ್ತು. ಟೆಸ್ಟರ್ ತೋರಿಸುವುದು ಫೇಸ್ ಬಂದಿದೆ ಎಂಬುದನ್ನು ಮಾತ್ರ. ನ್ಯೂಟ್ರಲ್ ಕಡಿದಿದ್ದರೂ ಅದು ಉರಿಯುತ್ತದೆ; ಮೆಷಿನ್ ಮಾತ್ರ ಏಳುವುದಿಲ್ಲ. ಹೊಸ ಸಾಕೆಟ್ ಕೆಲವೇ ನೂರು ರೂಪಾಯಿಯಲ್ಲಿ ಮುಗಿಯಿತು. ಬೋರ್ಡಿಗೆ ಏನೂ ಆಗಿರಲಿಲ್ಲ.

ಸ್ಕ್ರೂ ಏಕೆ ಸುಟ್ಟಿತು? ನೀರು ಕಾಯಿಸುವಾಗ ಇಂಥ ಮೆಷಿನ್ ಸುಮಾರು 2000 ವ್ಯಾಟ್ ಎಳೆಯುತ್ತದೆ. 230 ವೋಲ್ಟಿನಲ್ಲಿ ಅದು ಹತ್ತಿರಹತ್ತಿರ 9 ಆಂಪಿಯರ್. ಸಡಿಲವಾದ ಜಾಗದಲ್ಲಿ ಇಷ್ಟು ಕರೆಂಟ್ ಹರಿದರೆ ಅದು ಬಿಸಿಯಾಗಿ ಇನ್ನಷ್ಟು ಸಡಿಲವಾಗುತ್ತದೆ. ಬೆಂಕಿ ಹತ್ತದೇ ಉಳಿದದ್ದು ನಮ್ಮ ಪುಣ್ಯ. ಆದ್ದರಿಂದ ಡಿಶ್‌ವಾಷರಿಗೆ 16 ಆಂಪಿಯರಿನ ಸಾಕೆಟ್ಟೇ ಬೇಕು. ಎಕ್ಸ್‌ಟೆನ್ಶನ್ ಬೋರ್ಡು ಬೇಡವೇ ಬೇಡ.

ಮೆಷಿನ್ ಆನ್ ಆಗದಿದ್ದರೆ ಸದಸ್ಯ ಬಾಂಧವರು ಗೋಡೆಯಿಂದ ಶುರುಮಾಡಿ ಈ ಕ್ರಮದಲ್ಲಿ ನೋಡಬೇಕು:

1. ಸಾಕೆಟ್ ಅಥವಾ ಪ್ಲಗ್ ಕಪ್ಪಾಗಿದ್ದರೆ, ಸುಟ್ಟ ವಾಸನೆ ಬಂದರೆ ಮುಟ್ಟಬೇಡಿ. ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ.

2. ಎಂಸಿಬಿ ಬಿದ್ದಿದೆಯೇ ನೋಡಿ. ಒಮ್ಮೆ ಎತ್ತಿ. ಮತ್ತೆ ಬಿದ್ದರೆ ಪುನಃಪುನಃ ಎತ್ತಬೇಡಿ. ಮೆಷಿನ್ ಹಾಕಿದಾಗಲೆಲ್ಲ ಆರ್‌ಸಿಸಿಬಿ ಬೀಳುತ್ತಿದ್ದರೆ ಕರೆಂಟ್ ಎಲ್ಲೋ ಸೋರುತ್ತಿದೆ ಎಂದರ್ಥ. ಒದ್ದೆ ನೆಲದ ಅಡುಗೆಮನೆಯಲ್ಲಿ ಅದು ಜೀವಕ್ಕೆ ಅಪಾಯ.

3. ಸಾಕೆಟ್ ಚೆನ್ನಾಗಿ ಕಂಡರೆ ಅದಕ್ಕೆ ಇಸ್ತ್ರಿ ಪೆಟ್ಟಿಗೆ ಹಾಕಿ ನೋಡಿ. ಅದು ಬಿಸಿಯಾಗದಿದ್ದರೆ ದೋಷ ಗೋಡೆಯದು, ಮೆಷಿನ್ನಿನದಲ್ಲ.

4. ಬಾಗಿಲು 'ಟಕ್' ಎಂದು ಕೂರುವಂತೆ ಹಾಕಿ. ಒಳಗಿನ ತಟ್ಟೆಯೋ ಚಮಚವೋ ಅಡ್ಡ ಬಂದರೂ ಮೆಷಿನ್ ಹೊರಡುವುದಿಲ್ಲ.

5. ದೀಪ ಉರಿದೂ ಹೊರಡದಿದ್ದರೆ ಚೈಲ್ಡ್ ಲಾಕ್, ತಡವಾಗಿ ಶುರುವಾಗುವ ಟೈಮರ್ ಇವೆರಡನ್ನೂ ನೋಡಿ. ನಲ್ಲಿ ತೆರೆದಿದೆಯೇ ಎಂಬುದನ್ನೂ ಮರೆಯಬೇಡಿ.

6. ಸ್ವಿಚ್ ಆಫ್ ಮಾಡಿ, ಐದು ನಿಮಿಷ ಬಿಟ್ಟು ಮತ್ತೆ ಹಾಕಿ. ವೋಲ್ಟೇಜ್ ಏರಿಳಿತದಿಂದ ಕಂಗೆಟ್ಟ ಬೋರ್ಡ್ ಕೆಲವೊಮ್ಮೆ ಇದರಿಂದಲೇ ಸರಿಹೋಗುತ್ತದೆ.

ಇಷ್ಟಕ್ಕೂ ಏಳದಿದ್ದರೆ ಬಾಗಿಲಿನ ಸ್ವಿಚ್, ಒಳಗಿನ ಫ್ಯೂಸ್, ಬೋರ್ಡ್, ಇಲಿ ಕಡಿದ ವಯರು ಇವೆಲ್ಲ ಮೆಕ್ಯಾನಿಕ್‌ನ ಕೆಲಸ. ನಾವೇ ಬಿಚ್ಚುವುದು ಬೇಡ. ಪ್ಲಗ್ ತೆಗೆದ ಮೇಲೂ ಬೋರ್ಡಿನ ಕೆಪಾಸಿಟರಿನಲ್ಲಿ ಕರೆಂಟ್ ಉಳಿದಿರಬಹುದು.

ಈಗ ನಾವು ಪ್ರತಿ ವರ್ಷ ಶ್ರಾವಣದಲ್ಲೇ ಅಡುಗೆಮನೆಯ ಸಾಕೆಟ್ಟುಗಳ ಸ್ಕ್ರೂಗಳನ್ನೆಲ್ಲ ಎಲೆಕ್ಟ್ರಿಷಿಯನ್ನರಿಂದ ಬಿಗಿ ಮಾಡಿಸುತ್ತೇವೆ. ಹಬ್ಬದ ದಿನಸಿ ಪಟ್ಟಿ ಬರೆಯುವಾಗ ತಾವೂ ಇದನ್ನು ಸೇರಿಸಿಕೊಳ್ಳಿ.