ಕಣ್ಣು ಮುಚ್ಚಿ ಕಂಡರೆ ನೌಕರಿ ಸಿಗುತ್ತದೆಯೇ?

ಗೋವಾದ ವಾಸ್ಕೋದ ಬೈನಾ, ಮಂಗೋರ್ ಹಿಲ್, ಝುವಾರಿನಗರದ ಕಡೆ ಬಾಗಲಕೋಟೆ, ವಿಜಯಪುರ, ಗದಗ ಸೀಮೆಯಿಂದ ಬಂದು ನೆಲೆನಿಂತವರು ಬಹಳ. ಬಂದರಿನಲ್ಲಿ, ಕಟ್ಟಡಗಳಲ್ಲಿ ದುಡಿದವರ ಮಕ್ಕಳಿಗೆ ಈಗ ಐಟಿಐ ಮುಗಿಸಿ ಗೋವಾ ಶಿಪ್‌ಯಾರ್ಡ್‌ನಲ್ಲೋ ರೈಲ್ವೆಯಲ್ಲೋ ಕಾಯಂ ನೌಕರಿ ಹಿಡಿಯುವ ಆಸೆ. ಅವರ ಮೊಬೈಲಿಗೆ ಬರುವ ರೀಲ್ಸ್ ಹೇಳುವುದೇ ಬೇರೆ: ಕಣ್ಣು ಮುಚ್ಚಿ, ನೌಕರಿ ಸಿಕ್ಕೇಬಿಟ್ಟಿದೆ ಎಂದು ಕಾಣಿ, ಮಿಕ್ಕಿದ್ದನ್ನು ಬ್ರಹ್ಮಾಂಡ ನೋಡಿಕೊಳ್ಳುತ್ತದೆ! 2006ರಲ್ಲಿ ಬಂದ ರೋಂಡಾ ಬರ್ನ್ ಅವರ ‘ದಿ ಸೀಕ್ರೆಟ್’ ಪುಸ್ತಕ ಜಗತ್ತಿಗೆಲ್ಲ ಹಂಚಿದ ಸರಕು ಇದು.

ನಂಬಿಕೆ: ಗುರಿ ಮುಟ್ಟಿದಂತೆ ಕಂಡಷ್ಟೂ ಗುರಿ ಹತ್ತಿರವಾಗುತ್ತದೆ.

ಸತ್ಯ: ಹಲವು ಸಲ ದೂರವಾಗುತ್ತದೆ. ಮನೋವಿಜ್ಞಾನಿ ಗೇಬ್ರಿಯೆಲ್ ಎಟಿಂಗೆನ್ ತೂಕ ಇಳಿಸಲು ಹೊರಟ ಮಹಿಳೆಯರನ್ನು ಒಂದು ವರ್ಷ ಗಮನಿಸಿ 1991ರಲ್ಲಿ ಫಲಿತಾಂಶ ಪ್ರಕಟಿಸಿದರು. ತೆಳ್ಳಗಾದ ತಮ್ಮನ್ನು ಸವಿಸವಿಯಾಗಿ ಕಲ್ಪಿಸಿಕೊಂಡವರು ಉಳಿದವರಿಗಿಂತ ಸುಮಾರು 11 ಕಿಲೋ ಕಡಿಮೆ ಇಳಿದಿದ್ದರು. ಓದು ಮುಗಿಸುತ್ತಿದ್ದ ಜರ್ಮನ್ ವಿದ್ಯಾರ್ಥಿಗಳ ಕಥೆಯೂ ಅದೇ. ಒಳ್ಳೆಯ ನೌಕರಿಯ ಕನಸಿನಲ್ಲಿ ಹೆಚ್ಚು ತೇಲಿದವರು ಎರಡು ವರ್ಷದ ನಂತರ ಕಡಿಮೆ ಅರ್ಜಿ ಹಾಕಿದ್ದರು, ಕಡಿಮೆ ಸಂಬಳ ಪಡೆಯುತ್ತಿದ್ದರು. ಗೆದ್ದ ಖುಷಿಯನ್ನು ಮುಂಗಡವಾಗಿ ಉಂಡ ಮನಸ್ಸಿಗೆ ಮತ್ತೆ ಏಳುವ ಹಸಿವು ಇರುವುದಿಲ್ಲ.

ನಂಬಿಕೆ: ಹಾಗಾದರೆ ಇದೆಲ್ಲ ಬರೀ ಬೊಗಳೆ.

ಸತ್ಯ: ಅದೂ ಅಲ್ಲ. ಗೆಲುವನ್ನಲ್ಲ, ಮಾಡುವ ಕೆಲಸವನ್ನು ಮೊದಲೇ ತಾಲೀಮು ಮಾಡಿದರೆ ಫಲವಿದೆ. ದಾಬೋಲಿಯ ನೌಕಾನೆಲೆ ಐಎನ್‌ಎಸ್ ಹಂಸದಲ್ಲಿ ವಿಮಾನವಾಹಕ ಹಡಗಿನ ಡೆಕ್ಕನ್ನು ಹೋಲುವ ಓಡುದಾರಿಯನ್ನು ನೆಲದ ಮೇಲೇ ಕಟ್ಟಿದ್ದಾರೆ. ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್ ಯುದ್ಧವಿಮಾನದ ನೌಕಾ ಮಾದರಿ 2014ರ ಡಿಸೆಂಬರಿನಲ್ಲಿ ಇಲ್ಲಿಂದ ಜಿಗಿದು ಹಾರಿತು, 2019ರ ಸೆಪ್ಟೆಂಬರಿನಲ್ಲಿ ಇಲ್ಲೇ ತಂತಿಗೆ ಕೊಕ್ಕೆ ಸಿಕ್ಕಿಸಿ ನಿಂತಿತು. ವಿಮಾನವಾಹಕ ಹಡಗು ಐಎನ್‌ಎಸ್ ವಿಕ್ರಮಾದಿತ್ಯದ ಮೇಲೆ ಇಳಿದದ್ದು ಆಮೇಲೆ, 2020ರ ಜನವರಿ 11ರಂದು. ಇಂಥ ತಾಲೀಮನ್ನು ತಲೆಯೊಳಗೂ ಮಾಡಬಹುದು. ಪೈಲಟ್‌ಗಳು ಕುರ್ಚಿಯಲ್ಲಿ ಕೂತು, ಯಾವ ಸ್ವಿಚ್ಚಿನ ಮೇಲೆ ಯಾವಾಗ ಕೈ ಹೋಗಬೇಕು ಎಂದು ಒಂದೊಂದಾಗಿ ನೆನೆಯುತ್ತಾರೆ. ಅದಕ್ಕೆ ‘ಚೇರ್ ಫ್ಲೈಯಿಂಗ್’ ಎಂದೇ ಹೆಸರು.

1992ರ ಒಂದು ಅಮೆರಿಕನ್ ಪ್ರಯೋಗ ಇನ್ನೂ ಮಜವಾಗಿದೆ. ನಾಲ್ಕು ವಾರ ಕಿರುಬೆರಳಿಗೆ ನಿಜವಾದ ವ್ಯಾಯಾಮ ಕೊಟ್ಟವರ ಬಲ ಶೇ. 30ರಷ್ಟು ಏರಿತು. ವ್ಯಾಯಾಮವನ್ನು ಬರೀ ಕಲ್ಪಿಸಿಕೊಂಡವರದು ಶೇ. 22ರಷ್ಟು! ಬೆಳೆದದ್ದು ಸ್ನಾಯುವಲ್ಲ, ಮಿದುಳು ಸ್ನಾಯುವಿಗೆ ಆಜ್ಞೆ ಕೊಡುವ ರೀತಿ ಪಳಗಿತು. ಆದರೆ ಕಲ್ಪನೆ ಕೈಯಾರೆ ಮಾಡಿದ್ದಕ್ಕಿಂತ ಹಿಂದೆಯೇ ಉಳಿಯಿತು ಎಂಬುದನ್ನೂ ನೋಡಿ. ವೆಲ್ಡಿಂಗ್ ಕಲಿಯುವವನು ಮನಸ್ಸಿನಲ್ಲಿ ಎಷ್ಟು ಬೆಸೆದರೂ ಒಮ್ಮೆ ಕಿಡಿ ಹಾರಿಸಲೇಬೇಕು.

ನಂಬಿಕೆ: ಕೆಟ್ಟದ್ದನ್ನು ನೆನೆಯಬಾರದು.

ಸತ್ಯ: ಅಪಶಕುನ ನುಡಿದರೆ ‘ಬಿಡ್ತು ಅನ್ನು’ ಎಂದು ಗದರುವ ಅಜ್ಜಿಯರ ನಾಡು ನಮ್ಮದು, ಹಾಗಾಗಿ ರೀಲ್ಸ್‌ನವರ ಈ ಮಾತು ಇಲ್ಲಿ ಸಲೀಸಾಗಿ ಬೇರೂರುತ್ತದೆ. ಈಜುಗಾರ ಮೈಕೆಲ್ ಫೆಲ್ಪ್ಸ್ ಮಾತ್ರ ಎಡವಟ್ಟುಗಳನ್ನೂ ಮೊದಲೇ ಮನಸ್ಸಿನಲ್ಲಿ ಈಜಿ ನೋಡುತ್ತಿದ್ದರು. 2008ರ ಬೀಜಿಂಗ್ ಒಲಿಂಪಿಕ್ಸಿನ 200 ಮೀಟರ್ ಬಟರ್‌ಫ್ಲೈ ಫೈನಲ್‌ನಲ್ಲಿ ಅವರ ಕನ್ನಡಕದೊಳಗೆ ನೀರು ತುಂಬಿ ಏನೂ ಕಾಣದಾಯಿತು. ಕೈಬೀಸುಗಳನ್ನು ಎಣಿಸಿಕೊಂಡೇ ಈಜಿ, ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದರು. ಅಡ್ಡಿ ಇಂಥದ್ದು ಬಂದರೆ ಇಂಥದ್ದು ಮಾಡುತ್ತೇನೆ ಎಂದು ಮೊದಲೇ ಗೊತ್ತುಮಾಡಿಕೊಳ್ಳುವುದು ಫಲ ಕೊಡುತ್ತದೆ ಎಂದು ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಸರ್ ಅವರ ಅಧ್ಯಯನಗಳೂ ಹೇಳುತ್ತವೆ.

ನಂಬಿಕೆ: ಕಣ್ಣೊಳಗೆ ಚಿತ್ರ ಮೂಡದವರಿಗೆ ಗೆಲುವಿಲ್ಲ.

ಸತ್ಯ: ಕೆಲವರಿಗೆ ಹುಟ್ಟಿನಿಂದಲೇ ಮನಸ್ಸಿನಲ್ಲಿ ಚಿತ್ರ ಮೂಡುವುದಿಲ್ಲ. 2015ರಲ್ಲಿ ನರವಿಜ್ಞಾನಿ ಆಡಂ ಝೀಮನ್ ಇದಕ್ಕೆ ‘ಅಫಾಂಟೇಸಿಯಾ’ ಎಂದು ಹೆಸರಿಟ್ಟರು. ಇದು ರೋಗವಲ್ಲ, ಅಂಥವರಲ್ಲಿ ವಿಜ್ಞಾನಿಗಳೂ ಕಲಾವಿದರೂ ಇದ್ದಾರೆ. ಮಾಡಬೇಕಾದ ಕೆಲಸವನ್ನು ಅವರು ಮಾತಿನಲ್ಲೇ ಹೇಳಿಕೊಂಡರೂ ಸಾಕು.

ಪರೀಕ್ಷೆಗೆ ಓದುತ್ತಿರುವವರು ಇವತ್ತು ಮಲಗುವ ಮುನ್ನ ನೇಮಕಾತಿ ಪತ್ರವನ್ನು ಕಾಣುವುದು ಬಿಡಿ. ಬೆಳಿಗ್ಗೆ ಎಷ್ಟು ಗಂಟೆಗೆ, ಎಲ್ಲಿ ಕೂತು, ಯಾವ ಪಾಠ ತೆಗೆಯುತ್ತೀರಿ, ಫೋನು ಬಡಿದುಕೊಂಡರೆ ಏನು ಮಾಡುತ್ತೀರಿ ಎಂದು ಒಮ್ಮೆ ನೆನೆದುಕೊಳ್ಳಿ.